ನರಕ್ಯಾ ಮರದಲ್ಲಿ ಔಷಧವಿದೆ. ನರಕ್ಯಾ ಕಷಾಯ ಔಷಧವಲ್ಲ



ಜೀವಕೋಶ ವಿಭಜನೆಯ ಪಾಠ ನಡೆದಾಗ ನೂಲ, ಗಡಹಿಂಗ್ಲಜ ಕಡೆಯ ಮಕ್ಕಳು ಹೀಗೆ ಕೇಳಬಹುದು: "ಸರ್, ನರಕ್ಯಾದಾಗ ಕ್ಯಾನ್ಸರ್ ಔಷಧ ಐತಿ ಅಂತಾರಲ್ರೀ, ತೊಗಟಿ ಕುದಿಸಿ ನಮ್ಮಜ್ಜಿಗೆ ಕೊಟ್ರ ಆಗೂದಿಲ್ಲೇನ್ರಿ?" ಮೂಢನಂಬಿಕೆ ಎಂದು ತಳ್ಳಿಹಾಕಿದರೆ ತಪ್ಪು. ಹೌದು ಎಂದರೆ ಇನ್ನೂ ದೊಡ್ಡ ತಪ್ಪು.

ರಾಧಾನಗರಿ, ಆಂಬೋಲಿ ಕಾಡುಗಳಲ್ಲಿ ಬೆಳೆಯುವ ಈ ಮರದ ಶಾಸ್ತ್ರೀಯ ಹೆಸರು ನೋಥಾಪೊಡೈಟಿಸ್ ನಿಮ್ಮೋನಿಯಾನಾ. ಇದರಲ್ಲಿರುವ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ಮೊದಲು ಚೀನಾದ ಬೇರೊಂದು ಮರದಿಂದ 1966ರಲ್ಲಿ ಬೇರ್ಪಡಿಸಿದವರು ಅಮೆರಿಕದ ಮನ್ರೋ ವಾಲ್ ಮತ್ತು ನಮ್ಮ ಮಹಾರಾಷ್ಟ್ರದ ನಂದುರಬಾರದಲ್ಲಿ ಹುಟ್ಟಿದ ಮನಸುಖ ವಾನಿ. ನಮ್ಮ ನರಕ್ಯಾದಲ್ಲೂ ಅದು ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು.

ಪರೀಕ್ಷೆ ಹೇಗೆ ನಡೆಯುತ್ತದೆ? ಸಸ್ಯವನ್ನು ಸರಿಯಾಗಿ ಗುರುತಿಸಿ, ಒಣಗಿಸಿ, ಪುಡಿಮಾಡಿ, ಮೆಥನಾಲ್‌ನಂಥ ದ್ರಾವಕದಲ್ಲಿ ಸಾರ ತೆಗೆಯುತ್ತಾರೆ. ಅದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕುತ್ತಾರೆ. ಕೋಶ ಸತ್ತರೆ ಗೆದ್ದಂತೆಯೇ? ಅಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೂ ಅವು ಸಾಯುತ್ತವೆ! ಅದಕ್ಕೇ ಆರೋಗ್ಯವಂತ ಕೋಶಗಳನ್ನೂ, ಸಾರ ಹಾಕದ ಕೋಶಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಆಮೇಲೆ ಸಾರವನ್ನು ಭಾಗ ಮಾಡುತ್ತ, ಕೆಲಸ ಮಾಡುವ ಒಂದೇ ವಸ್ತುವನ್ನು ಹುಡುಕಬೇಕು. ನಂತರ ಪ್ರಾಣಿಗಳು, ಕೊನೆಗೆ ಮನುಷ್ಯರು.

ಕ್ಯಾಂಪ್ಟೋಥೆಸಿನ್ ಕೆಲಸವನ್ನು ಮಕ್ಕಳಿಗೆ ನೂಲಿನ ಹುರಿಯಿಂದ ತೋರಿಸಬಹುದು. ಎರಡು ಎಳೆ ಹುರಿ ಹಾಕಿದ ದಾರವನ್ನು ಬಿಡಿಸುತ್ತ ಹೋದರೆ ಮುಂದಿನ ಭಾಗ ಬಿಗಿದು ಗಂಟಾಗುತ್ತದೆ. ಡಿಎನ್ಎ ನಕಲಾಗುವಾಗಲೂ ಹೀಗೇ. ಟೋಪೋಐಸೋಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೋಥೆಸಿನ್ ಈ ಜೋಡಣೆಯನ್ನು ತಡೆಯುತ್ತದೆ. ನಕಲಿನ ಕೆಲಸ ಅಲ್ಲಿಗೆ ಬಂದಾಗ ಡಿಎನ್ಎ ಮುರಿದು ಕೋಶ ಸಾಯುತ್ತದೆ. ಬೇಗ ವಿಭಜನೆಯಾಗುವ ಕೋಶಗಳಿಗೆ ಪೆಟ್ಟು ಹೆಚ್ಚು. ಕ್ಯಾನ್ಸರ್ ಅಷ್ಟೇ ಅಲ್ಲ, ನಮ್ಮ ಅಸ್ಥಿಮಜ್ಜೆ, ಕರುಳಿನ ಒಳಪದರದ ಕೋಶಗಳೂ ಬೇಗ ವಿಭಜನೆಯಾಗುವಂಥವೇ.

ಇಲ್ಲೇ ಮಕ್ಕಳು ತಿಳಿಯಬೇಕಾದ ಮಾತಿದೆ. ಕ್ಯಾಂಪ್ಟೋಥೆಸಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ ಅದರ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟು ನೋಡಿದರು. ಮೂತ್ರಕೋಶದಲ್ಲಿ ರಕ್ತಸ್ರಾವ, ರಕ್ತಕಣಗಳ ಕುಸಿತ ಕಂಡುಬಂದು 1970ರ ದಶಕದಲ್ಲಿ ಆ ಪ್ರಯೋಗ ನಿಂತುಹೋಯಿತು. ಅಣುವಿನ ರಚನೆಯನ್ನು ತಿದ್ದಿ ಮಾಡಿದ ಟೋಪೋಟೆಕಾನ್, ಇರಿನೋಟೆಕಾನ್ ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೊದಲ ಶೋಧದಿಂದ ಸರಿಯಾಗಿ 30 ವರ್ಷ! ಇಂದಿಗೂ ಅವನ್ನು ರಕ್ತ ಪರೀಕ್ಷೆ ಮಾಡುತ್ತ, ಅಳೆದು ಕೊಡುತ್ತಾರೆ.

ಕಷಾಯದಲ್ಲಿ ಈ ಅಳತೆ ಎಲ್ಲಿದೆ? ಮರದಿಂದ ಮರಕ್ಕೆ ಕ್ಯಾಂಪ್ಟೋಥೆಸಿನ್ ಪ್ರಮಾಣ ಬೇರೆ. ಒಂದು ಲೋಟದಲ್ಲಿ ಏನೂ ಇರದಿರಬಹುದು, ಇನ್ನೊಂದರಲ್ಲಿ ವಿಷವೇ ಇರಬಹುದು. ಅಷ್ಟರಲ್ಲಿ ಆಸ್ಪತ್ರೆಗೆ ಹೋಗುವ ತಿಂಗಳುಗಳು ಕಳೆದುಹೋದರೆ, ಗುಣವಾಗಬಹುದಾದ ಗಡ್ಡೆಯೂ ಕೈಮೀರುತ್ತದೆ. ಹಣದಾಸೆಗೆ ಕಾಡಿನಲ್ಲಿ ಮರಗಳೂ ಬುಡಸಹಿತ ಹೋಗುತ್ತಿವೆ.

"ಈ ಗಿಡ ಕ್ಯಾನ್ಸರ್ ಕೊಲ್ಲತೈತಿ" ಎಂದು ಯಾರೇ ಹೇಳಲಿ, ಮೂರು ಪ್ರಶ್ನೆ ಕೇಳಲು ಮಕ್ಕಳಿಗೆ ಕಲಿಸೋಣ: ತಟ್ಟೆಯಲ್ಲೋ, ಮನುಷ್ಯರಲ್ಲೋ? ಒಳ್ಳೆಯ ಕೋಶಗಳ ಗತಿಯೇನು? ಎಷ್ಟು ಪ್ರಮಾಣ? ಅಜ್ಜಿಯ ಬಗ್ಗೆ ಕೇಳಿದ ಮಗುವಿಗೆ ಮಾತ್ರ ಮೊದಲು ಹೇಳಬೇಕಾದದ್ದು ಇಷ್ಟೇ: "ನಾಳೆನ ದವಾಖಾನಿಗೆ ಕರಕೊಂಡು ಹೋಗ್ರಿ."