ಗೋವಾದ ರಸ್ತೆಯಲ್ಲಿ ಸೂಪರ್‌ಬೈಕ್

ಸ್ಪೋರ್ಟ್ ಬೈಕ್ ಓಟಕ್ಕೆಂದೇ ಕಟ್ಟಿದ ಗಾಡಿ. ಹ್ಯಾಂಡಲ್ ತಗ್ಗಿನಲ್ಲಿರುತ್ತದೆ, ಫುಟ್‌ರೆಸ್ಟ್ ಹಿಂದಕ್ಕೆ ಸರಿದು ಎತ್ತರಕ್ಕೆ ಏರಿರುತ್ತದೆ, ಸವಾರ ಟ್ಯಾಂಕಿನ ಮೇಲೆ ಅರ್ಧ ಬೋರಲಾಗಿರುತ್ತಾನೆ. ಎಂಜಿನ್ನಿಗೆ ಹೊದಿಸಿದ ಫೇರಿಂಗ್ ಗಾಳಿಯನ್ನು ಎರಡು ಬದಿಗೆ ಸೀಳಿ ಹಾಕುತ್ತದೆ. ಇಂಥ ಗಾಡಿಗಳಲ್ಲಿ ಸಾವಿರ ಸಿಸಿಯ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇದ್ದು ಇನ್ನೂರು ಅಶ್ವಶಕ್ತಿಯ ಹತ್ತಿರ ಬರುವವನ್ನು ಜನ ಸೂಪರ್‌ಬೈಕ್ ಎನ್ನುತ್ತಾರೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಸವಾರರಿಗೆ ಇವನ್ನು ಏರಿ ಹೋಗಬೇಕೆನಿಸುವ ಊರು ಗೋವಾ. 2013ರಲ್ಲಿ ಇಂಡಿಯಾ ಬೈಕ್ ವೀಕ್ ಮೊದಲು ನಡೆದದ್ದು ಅಲ್ಲಿನ ವಾಗಾತೋರಿನಲ್ಲಿ. ಆದರೆ ಇಂಥ ಬೈಕಿನ ಗುಣ ಅಳೆಯಲು ಗೋವಾದಷ್ಟು ಕಟ್ಟುನಿಟ್ಟಿನ ಪರೀಕ್ಷಕ ಸುಲಭಕ್ಕೆ ಸಿಗುವುದಿಲ್ಲ. ಕಿರಿದಾದ ರಸ್ತೆ, ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಬೆವರಿಳಿಸುವ ಸೆಕೆ ಎಲ್ಲವೂ ಅಲ್ಲಿ ಒಟ್ಟಿಗೆ ಇವೆ.

ಭಾರತದಲ್ಲಿ ಸೂಪರ್‌ಬೈಕ್ ಎಂದೊಡನೆ ನಾಲಗೆಗೆ ಬರುವ ಮೊದಲ ಹೆಸರು ಸುಜುಕಿ ಹಯಬುಸಾ. 2004ರ ‘ಧೂಮ್’ ಹಿಂದಿ ಚಿತ್ರದ ಕಳ್ಳ ಏರಿದ್ದು ಇದನ್ನೇ. ಆ ಕಥೆ ಮುಗಿಯುವುದೂ ಗೋವಾದಲ್ಲೇ. ಹಯಬುಸಾ ಎಂದರೆ ಜಪಾನಿ ಭಾಷೆಯಲ್ಲಿ ಪೆರೆಗ್ರಿನ್ ಡೇಗೆ. ಬೇಟೆಯ ಮೇಲೆ ಎರಗುವಾಗ ಗಂಟೆಗೆ 300 ಕಿ.ಮೀ. ಮೀರಿ ಧುಮುಕುವ ಹಕ್ಕಿ ಅದು. 1999ರಲ್ಲಿ 1,299 ಸಿಸಿ ಎಂಜಿನ್ನಿನೊಂದಿಗೆ ಬಂದ ಈ ಗಾಡಿಯೂ 300 ದಾಟಿತು. ವೇಗದ ಪೈಪೋಟಿ ಕಂಡು ಯುರೋಪಿನ ಸರ್ಕಾರಗಳು ಎಲ್ಲಿ ಇವನ್ನು ನಿಷೇಧಿಸುತ್ತವೋ ಎಂಬ ಅಂಜಿಕೆ ಹುಟ್ಟಿ, ದೊಡ್ಡ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು 300ಕ್ಕೆ ಮಿತಿ ಹಾಕಿಕೊಂಡವು. 2008ರ ಮಾದರಿಯಲ್ಲಿ ಎಂಜಿನ್ 1,340 ಸಿಸಿಗೆ ಬೆಳೆಯಿತು. 2021ರಲ್ಲಿ ಮೂರನೆಯ ಪೀಳಿಗೆ ಬಂದಾಗ ಗರಿಷ್ಠ ಶಕ್ತಿ 197ರಿಂದ 190 ಅಶ್ವಶಕ್ತಿಗೆ ಇಳಿದಿತ್ತು. ಹಲವರಿಗೆ ಇದು ನಿರಾಸೆ ತಂದಿತು. ಆದರೆ ಕಂಪನಿ ತುದಿಯಲ್ಲಿ ಬಿಟ್ಟುಕೊಟ್ಟದ್ದನ್ನು ನಡುವಿನ ವೇಗಗಳಲ್ಲಿ ಗಳಿಸಿಕೊಂಡಿತ್ತು. ರಸ್ತೆಯ ಮೇಲೆ ಓಡುವ ಗಾಡಿಗೆ ಬೇಕಾದದ್ದೂ ಅದೇ.

ಇದು ಅರ್ಥವಾಗಬೇಕಾದರೆ ಶಕ್ತಿ ಮತ್ತು ಟಾರ್ಕ್ ಎಂಬೆರಡು ಮಾತನ್ನು ಬಿಡಿಸಿ ನೋಡಬೇಕು. ಎಂಜಿನ್ ಚಕ್ರವನ್ನು ತಿರುಚುವ ಬಲ ಟಾರ್ಕ್. ಆ ಕೆಲಸವನ್ನು ಎಷ್ಟು ಬೇಗ ಮಾಡುತ್ತದೆ ಎಂಬುದು ಶಕ್ತಿ. 2021ರ ಹಯಬುಸಾ ತನ್ನ ಗರಿಷ್ಠ 150 ನ್ಯೂಟನ್ ಮೀಟರ್ ಟಾರ್ಕನ್ನು 7,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, ಕೊಡುತ್ತದೆ. ಕವಾಸಕಿ ನಿಂಜಾ ಜೆಡ್‌ಎಕ್ಸ್-10ಆರ್ ಬೈಕಿಗೆ 203 ಅಶ್ವಶಕ್ತಿ ಇದೆ. ಆದರೆ ಅದು ಸಿಗುವುದು 13,200 ಆರ್‌ಪಿಎಂನಲ್ಲಿ, ಟಾರ್ಕಿನ ತುದಿ 11,400ರಲ್ಲಿ. ರೇಸ್ ಟ್ರ್ಯಾಕಿನಲ್ಲಿ ಆರ್‌ಪಿಎಂ ಮೀಟರಿನ ಮುಳ್ಳು ಸದಾ ಅಲ್ಲೇ ಆಡುತ್ತಿರುತ್ತದೆ. ಗೋವಾದ ಮಡಗಾಂವ್ ಪೇಟೆಯಲ್ಲಿ ಅದು ಒಮ್ಮೆಯೂ ಅಲ್ಲಿಗೆ ಏರುವುದಿಲ್ಲ. ತೂಕದ ಲೆಕ್ಕವೂ ಜೊತೆಗೇ ಬರುತ್ತದೆ. 266 ಕೆಜಿಯ ಹಯಬುಸಾದಲ್ಲಿ ಟನ್ನಿಗೆ ಸುಮಾರು 714 ಅಶ್ವಶಕ್ತಿ, 207 ಕೆಜಿಯ ನಿಂಜಾದಲ್ಲಿ 980. ಸಾಮಾನ್ಯ ಸಣ್ಣ ಕಾರಿನಲ್ಲಿ ಇದು 100ರ ಸುತ್ತಮುತ್ತ.

ಸೂಪರ್‌ಬೈಕಿನ ಪಕ್ಕಕ್ಕೆ ಒಂದು ಸಣ್ಣ ಸ್ಪೋರ್ಟ್ ಬೈಕನ್ನೂ ಇಟ್ಟು ನೋಡಬಹುದು. ಹೊಸೂರು ಕರ್ನಾಟಕದ ಗಡಿಗೆ ಅಂಟಿಕೊಂಡ, ಕನ್ನಡ ಮಾತು ಕಿವಿಗೆ ಬೀಳುವ ಊರು. ಅಲ್ಲಿನ ಟಿವಿಎಸ್ ಕಂಪನಿ ಜರ್ಮನಿಯ ಬಿಎಂಡಬ್ಲ್ಯು ಜೊತೆ 2013ರಲ್ಲಿ ಮಾಡಿಕೊಂಡ ಒಪ್ಪಂದದ ಫಲ ಅಪಾಚೆ ಆರ್‌ಆರ್ 310. 2017ರ ಡಿಸೆಂಬರಿನಲ್ಲಿ 2.05 ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ಬಂದ ಈ ಬೈಕಿನ ಎಂಜಿನ್ 312 ಸಿಸಿ, ಶಕ್ತಿ 34 ಅಶ್ವಶಕ್ತಿ, ತೂಕ 170 ಕೆಜಿಯ ಆಸುಪಾಸು. ಟನ್ನಿಗೆ 200ರ ಹತ್ತಿರ. ಸೂಪರ್‌ಬೈಕಿನ ಪಕ್ಕ ಇದು ಮಗುವಿನಂತೆ ಕಂಡರೂ ಕಾರಿನ ಎರಡು ಪಟ್ಟು. ಗೋವಾದ ಬಹುಪಾಲು ರಸ್ತೆಗೆ ಇಷ್ಟು ಸಾಕು ಎಂದರೆ ತಪ್ಪಾಗದು.

ಏಕೆಂದರೆ 2018ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದಂತೆ ಮೋಟಾರ್ ಸೈಕಲ್ಲಿಗೆ ಚತುಷ್ಪಥ ಹೆದ್ದಾರಿಯಲ್ಲೂ ಗರಿಷ್ಠ ವೇಗ 80 ಕಿ.ಮೀ., ಊರೊಳಗೆ 60. ಸೂಪರ್‌ಬೈಕ್ ಒಂದನೇ ಗೇರಿನಲ್ಲೇ 100 ದಾಟುತ್ತದೆ; ನಿಂತಲ್ಲಿಂದ ಅಲ್ಲಿಗೆ ಮುಟ್ಟಲು ಬೇಕಾಗುವುದು ಸುಮಾರು ಮೂರು ಸೆಕೆಂಡ್. ಮಿಕ್ಕ ಶಕ್ತಿಯೆಲ್ಲ ಗಾಳಿಯೊಡನೆ ಹೊಡೆದಾಡಲು. ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳಲು ಎಂಟರಷ್ಟು ಶಕ್ತಿ ಬೇಕು. ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 100 ಕಿ.ಮೀ. ವೇಗದಲ್ಲಿ ಕಣ್ಣು ಕಂಡದ್ದು ಕೈಗೆ ಮುಟ್ಟುವ ಒಂದು ಸೆಕೆಂಡಿನಲ್ಲಿ ಗಾಡಿ 28 ಮೀಟರ್ ಮುಂದೆ ಹೋಗಿರುತ್ತದೆ. ತೆಂಗಿನ ತೋಟದ ತಿರುವಿನಾಚೆ ದನವೋ, ಬಾಡಿಗೆ ಸ್ಕೂಟರಿನ ಪ್ರವಾಸಿಯೋ ನಿಂತಿದ್ದರೆ ಆ 28 ಮೀಟರಿನಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ. ಪೂರ್ಣ ವೇಗ ಬೇಕೆನ್ನುವವರಿಗೆ ಕೊಯಮತ್ತೂರಿನ ಕರಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಮುಂತಾದ ಟ್ರ್ಯಾಕುಗಳಿವೆ.

ಹೀಗಾಗಿ ಬೈಕಿನ ನಿಜವಾದ ಪರೀಕ್ಷೆ ನಿಧಾನಗತಿಯಲ್ಲಿ ಆಗಬೇಕು. ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ 2019ರ ಜನವರಿಯಲ್ಲಿ ತೆರೆದ ಅಟಲ್ ಸೇತುವೆಗೆ ದ್ವಿಚಕ್ರ ವಾಹನಗಳನ್ನು ಬಿಡಲಿಲ್ಲ. ಎಷ್ಟು ದುಬಾರಿ ಬೈಕಾದರೂ ಕೆಳಗಿನ ಹಳೆಯ ಸೇತುವೆಯ ಸಾಲಿನಲ್ಲೇ ತೆವಳಬೇಕು. ಗಾಳಿ ಹೊಡೆಯದೆ ನಿಂತಾಗ ಎಂಜಿನ್ನಿನ ನೀರು 100 ಡಿಗ್ರಿಯ ಹತ್ತಿರ ಬರುತ್ತದೆ, ಫ್ಯಾನ್ ಓಡಲು ಶುರುವಾಗಿ ಆ ಬಿಸಿಯನ್ನೆಲ್ಲ ಸವಾರನ ತೊಡೆಗೆ ತಳ್ಳುತ್ತದೆ. ವೇಗವಿದ್ದಾಗ ಎದೆಗೆ ತಾಗುವ ಗಾಳಿ ದೇಹದ ಭಾರವನ್ನು ಹೊರುತ್ತದೆ. ವೇಗವಿಲ್ಲದಾಗ ಅದಷ್ಟೂ ಮಣಿಕಟ್ಟಿನ ಮೇಲೆ ಬೀಳುತ್ತದೆ. ಷೋರೂಮಿನಲ್ಲಿ ಐದು ನಿಮಿಷ ಕೂತರೆ ಇದು ತಿಳಿಯದು. ಮಾಪುಸಾದ ಶುಕ್ರವಾರದ ಸಂತೆಯ ದಿನ ಅರ್ಧ ಗಂಟೆ ಓಡಿಸಿದರೆ ತಿಳಿಯುತ್ತದೆ.

ಹಂಪುಗಳದ್ದು ಬೇರೆಯೇ ಕಥೆ. ನಿಯಮದಂತೆ ಕಟ್ಟಿದ ರಸ್ತೆಯುಬ್ಬಿನ ಎತ್ತರ 10 ಸೆಂಟಿಮೀಟರ್. ಹಯಬುಸಾದ ಹೊಟ್ಟೆ ನೆಲದಿಂದ 12.5 ಸೆಂಟಿಮೀಟರ್ ಮೇಲಿದೆ, ಅದೂ ಯಾರೂ ಕೂರದಿದ್ದಾಗ. ಊರವರೇ ಸಿಮೆಂಟು ಸುರಿದು ಕಟ್ಟಿದ ಹಂಪಿನ ಮೇಲೆ ಫೇರಿಂಗಿನ ತಳ ಕೆರೆಯದೆ ಉಳಿಯುವುದು ಕಷ್ಟ. ಅಪಾಚೆಗೆ 18 ಸೆಂಟಿಮೀಟರ್ ಅಂತರವಿರುವುದು ಇಂಥಲ್ಲಿ ವರವಾಗುತ್ತದೆ. ರಿಬಂದರ್–ಚೊಡಣ ನಡುವಿನ ಫೆರಿಯಂಥ ದೋಣಿಗಳಿಗೆ ಗಾಡಿ ಹತ್ತಿಸುವಾಗ ತೂಕವೂ ಪರೀಕ್ಷೆಗೆ ಬರುತ್ತದೆ. ಒದ್ದೆ ಕಬ್ಬಿಣದ ಹಲಗೆ, ಮುಂದೆ ಇಳಿಜಾರು, ಹಿಂದೆ ಸ್ಕೂಟರುಗಳ ನೂಕುನುಗ್ಗಲು. 266 ಕೆಜಿಯನ್ನು ಒಂದು ಕಾಲೂರಿ ಹಿಡಿದು ನಿಲ್ಲಿಸಲಾಗದವರು ಆ ಗಾಡಿ ಕೊಳ್ಳುವ ಮೊದಲು ಇನ್ನೊಮ್ಮೆ ಯೋಚಿಸಬೇಕು.

ಸ್ಪೋರ್ಟ್ ಬೈಕ್ ತನ್ನ ಬೆಲೆಗೆ ತಕ್ಕ ಸುಖ ಕೊಡುವುದು ಘಾಟಿಯಲ್ಲಿ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಇಳಿಯುವ ಚೋರ್ಲಾ, ರಾಮನಗರದಿಂದ ಮೊಲೆಂ ಕಡೆಗಿಳಿಯುವ ಅನಮೋಡ, ಕಾರವಾರದಿಂದ ಕಾಣಕೋಣ ದಾಟಿದ ಮೇಲೆ ಸಿಗುವ ಕರ್ಮಲ್ ಮೂರೂ ತಿರುವಿನ ದಾರಿಗಳು. ಇಲ್ಲಿ ಅಶ್ವಶಕ್ತಿಗಿಂತ ಮುಂಚಕ್ರದ ಜೋಡಣೆ ಮಾತಾಡುತ್ತದೆ. ಫೋರ್ಕ್ ಎಷ್ಟು ನೆಟ್ಟಗಿದ್ದರೆ, ಎರಡು ಚಕ್ರಗಳ ನಡುವೆ ಅಂತರ ಎಷ್ಟು ಕಡಿಮೆಯಿದ್ದರೆ, ಗಾಡಿ ಅಷ್ಟು ಬೇಗ ತಿರುಗುತ್ತದೆ. ನೇರ ದಾರಿಯಲ್ಲಿ ಅಷ್ಟೇ ಚಂಚಲವೂ ಆಗುತ್ತದೆ. ಆ ಅಂತರ ಹಯಬುಸಾದಲ್ಲಿ 1,480 ಮಿ.ಮೀ., ಅಪಾಚೆಯಲ್ಲಿ 1,365. ಒಂದು ಹೆದ್ದಾರಿಯದು, ಇನ್ನೊಂದು ತಿರುವಿನದು.

ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬರುವುದೂ ಇಲ್ಲೇ. ಗಾಡಿ ಎಷ್ಟು ವಾಲಿದೆ ಎಂದು ಅಳೆಯುವ ಸೆನ್ಸರ್ ಇದ್ದರೆ ತಿರುವಿನ ನಡುವೆ ಬ್ರೇಕ್ ಹಿಡಿದರೂ ಎಬಿಎಸ್ ಅದಕ್ಕೆ ತಕ್ಕಂತೆ ಒತ್ತಡ ಹಂಚುತ್ತದೆ. ಹಿಂದಿನ ಚಕ್ರ ಜಾರತೊಡಗಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ಮಳೆಗೆಂದೇ ಬೇರೆ ಮೋಡ್ ಇರುತ್ತದೆ. 2020ರ ಮಾದರಿಯ ಅಪಾಚೆಯಲ್ಲಿ ಅದನ್ನು ಆರಿಸಿಕೊಂಡರೆ 34 ಅಶ್ವಶಕ್ತಿ 25.8ಕ್ಕೆ ಇಳಿಯುತ್ತದೆ. ಜಂಬಿಟ್ಟಿಗೆಯ ಕೆಂಪು ಧೂಳಿನ ಮೇಲೆ ಮೊದಲ ಮಳೆ ಬಿದ್ದ ದಿನ ಡಾಂಬರು ಸೋಪು ಹಚ್ಚಿದಂತಿರುತ್ತದೆ. ಆ ದಿನ ಇದರ ಬೆಲೆ ಗೊತ್ತಾಗುತ್ತದೆ.

ಜೂನಿನಿಂದ ಸೆಪ್ಟೆಂಬರ್ ತನಕ ಗೋವಾದಲ್ಲಿ ಸುಮಾರು 3,000 ಮಿ.ಮೀ. ಮಳೆ. ಆಗ ಗಾಡಿ ಓಡಿಸಿ ಕೆಡುವುದಕ್ಕಿಂತ ನಿಲ್ಲಿಸಿ ಕೆಡುವುದೇ ಹೆಚ್ಚು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ಶೇ. 3.7ರಷ್ಟು ನೀರು ಸೇರಿದರೆ 155ರ ಆಸುಪಾಸಿಗೇ ಕುದಿಯಬಹುದು. ಘಾಟಿ ಇಳಿಯುವಾಗ ಡಿಸ್ಕ್ ಕಾದು, ಆಯಿಲಿನಲ್ಲಿ ಆವಿಯ ಗುಳ್ಳೆ ಎದ್ದು, ಲಿವರ್ ಮೆತ್ತಗೆ ಹ್ಯಾಂಡಲ್ಲಿಗೆ ಬಂದು ತಾಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ಮಾತನ್ನು ಕರಾವಳಿಯವರು ಇನ್ನೂ ಮುಂಚೆಯೇ ಪಾಲಿಸುವುದು ಒಳ್ಳೆಯದು. ಉಪ್ಪಿನ ಗಾಳಿ ಫೋರ್ಕ್ ಕೊಳವೆಯ ಕ್ರೋಮನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಆ ಚುಕ್ಕೆಗಳು ಸೀಲನ್ನು ಹರಿಯುತ್ತವೆ, ಆಯಿಲ್ ಸೋರಿ ಬ್ರೇಕಿನ ಮೇಲೆ ಬೀಳುತ್ತದೆ. ಸಮುದ್ರದ ದಂಡೆಗೆ ಹೋಗಿ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಲ್ಯೂಬ್ ಹಾಕುವುದು ಬಿಟ್ಟರೆ ಬೇರೆ ಮದ್ದಿಲ್ಲ. ಗಡಿಯಾರ, ಅಲಾರಾಂಗಳೇ ಬ್ಯಾಟರಿಯನ್ನು ಕುಡಿದು ಖಾಲಿ ಮಾಡುವುದರಿಂದ ನಿಂತ ಗಾಡಿಗೆ ಚಾರ್ಜರ್ ಬೇಕು.

ಪೆಟ್ರೋಲಿನದೂ ಯೋಚಿಸಬೇಕಾದ ವಿಷಯ. ಹಯಬುಸಾದ ಎಂಜಿನ್ ಮಿಶ್ರಣವನ್ನು 12.5ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಅಷ್ಟು ಒತ್ತಡಕ್ಕೆ ಕಡಿಮೆ ಆಕ್ಟೇನಿನ ಪೆಟ್ರೋಲ್ ತಾನಾಗಿ ಹೊತ್ತಿ ಕಟಕಟ ಬಡಿಯುವ ಅಪಾಯವಿದೆ, ಆದ್ದರಿಂದ 95 ಅಥವಾ ಅದಕ್ಕೂ ಮೇಲಿನ ಆಕ್ಟೇನಿನ ಪೆಟ್ರೋಲ್ ಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದ್ದು ಅದೂ ತೇವ ಹೀರುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದರೆ ನೀರು ಬೇರ್ಪಟ್ಟು ತಳ ಸೇರಬಹುದು. ಹಳೆಯ ಗಾಡಿಯ ರಬ್ಬರ್ ಕೊಳವೆಗಳು ಎಥನಾಲನ್ನು ತಾಳುತ್ತವೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ ಶೇ. 40, ಅದರೊಳಗಿನದಕ್ಕೆ ಶೇ. 18. ಹೀಗಾಗಿ ಸೆಕೆಂಡ್‌ಹ್ಯಾಂಡ್ ಸೂಪರ್‌ಬೈಕಿನ ಕಡೆ ಕಣ್ಣು ಹೋಗುವುದು ಸಹಜ. ಬಿದ್ದ ಗಾಡಿ ಬಣ್ಣದಲ್ಲಿ ಸಿಕ್ಕಿಬೀಳುವುದಿಲ್ಲ. ಹ್ಯಾಂಡಲ್ ತುದಿ, ಲಿವರಿನ ತುದಿ, ಫುಟ್‌ರೆಸ್ಟಿನ ಅಂಚು, ಎಂಜಿನ್ ಕವರಿನ ಕೆಳಬದಿ ಉಜ್ಜಿದೆಯೇ ನೋಡಬೇಕು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಬಡಿದು ನಿಲ್ಲುವ ಗುಬುಟು ಜಜ್ಜಿದ್ದರೆ ಪೆಟ್ಟು ಜೋರಾಗಿತ್ತೆಂದೇ ಅರ್ಥ. ಟಯರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೇಲ್ಮೈಯ ಗೀರುಗಳು ಉಳಿದಿದ್ದರೂ ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಟ್ಟಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ಕೇಳಬೇಕು. ಮಾಲೀಕ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದೇ ಸರಿ. ಎರಡನೇ ಕೀ, ಸರ್ವೀಸ್ ದಾಖಲೆ ಇಲ್ಲದ ಗಾಡಿಗೆ ಬೆಲೆಯೂ ಕಡಿಮೆಯೇ ಆಗಬೇಕು.

ಕರ್ನಾಟಕದ ಬೋರ್ಡಿನ ಬೈಕನ್ನು ಗೋವಾದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಮೊದಲ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಾಲ ಬಾಕಿಯಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಸೈಲೆನ್ಸರ್ ಬದಲಿಸಿದ ಗಾಡಿಗಳು 52ನೇ ಕಲಮಿನಡಿ ಸಿಕ್ಕಿಬೀಳುತ್ತವೆ. ಕಂಪನಿಯ ಮೂಲ ವಿನ್ಯಾಸಕ್ಕೆ ಹೊಂದದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಬಾಡಿಗೆಗೆ ಪಡೆದು ಓಡಿಸಿ ನೋಡುವವರು ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರವಿರುವ ಗಾಡಿಯನ್ನೇ ತೆಗೆದುಕೊಳ್ಳಬೇಕು. ಬಿಳಿ ಬೋರ್ಡಿನ ಖಾಸಗಿ ಬೈಕನ್ನು ಬಾಡಿಗೆಗೆ ಕೊಡುವುದು ಕಾನೂನುಬಾಹಿರ. ಅಪಘಾತವಾದರೆ ವಿಮೆ ಸಿಗುವ ಭರವಸೆಯಿಲ್ಲ.