ಗಡಿಯಾರ ಸ್ಪಂದ ಮತ್ತು ತಡವಾಗಿ ಬರುವ ದತ್ತಾಂಶ

ಗಣಕದ ಸಂಸ್ಕಾರಕದೊಳಗೆ ನಡೆಯುವ ಎಲ್ಲ ಕಾರ್ಯಗಳಿಗೂ ತಾಳ ಹಾಕುವುದು ಗಡಿಯಾರ ಸ್ಪಂದ. ಇದು ಹೊತ್ತನ್ನು ತೋರಿಸುವ ಗಡಿಯಾರವಲ್ಲ. ಸಮಾನ ಅಂತರದಲ್ಲಿ ಏರಿ ಇಳಿಯುವ ವೋಲ್ಟೇಜ್. ಸ್ಪಂದ ಏರಿದ ಕ್ಷಣದಲ್ಲಿ ಫ್ಲಿಪ್-ಫ್ಲಾಪ್ ಎಂಬ ಸ್ಮರಣ ಘಟಕಗಳು ತಮ್ಮ ಮುಂದಿರುವ ಬಿಟ್ ಅನ್ನು, ಅದು 0 ಆಗಿರಲಿ 1 ಆಗಿರಲಿ, ಹಿಡಿದಿಟ್ಟುಕೊಳ್ಳುತ್ತವೆ. ಮುಂದಿನ ಸ್ಪಂದ ಬರುವುದರೊಳಗೆ ತರ್ಕದ್ವಾರಗಳು ಲೆಕ್ಕ ಮುಗಿಸಿ ಉತ್ತರವನ್ನು ಮುಂದಿನ ಸಾಲಿನ ಫ್ಲಿಪ್-ಫ್ಲಾಪುಗಳಿಗೆ ತಲುಪಿಸಬೇಕು. 1 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಇದಕ್ಕೆ ದೊರೆಯುವ ಅವಧಿ 1 ನ್ಯಾನೊಸೆಕೆಂಡ್. ನಿರ್ವಾತದಲ್ಲಿ ಬೆಳಕೂ ಅಷ್ಟರಲ್ಲಿ ಸುಮಾರು 30 ಸೆಂಟಿಮೀಟರ್ ದೂರವನ್ನಷ್ಟೇ ಕ್ರಮಿಸುತ್ತದೆ.

ಉತ್ತರವು ಸ್ಪಂದಕ್ಕಿಂತ ತುಸು ಮೊದಲೇ ಬಂದು ಸ್ಥಿರವಾಗಿರಬೇಕು. ಸ್ಪಂದ ಏರಿದ ಮೇಲೂ ಅಲ್ಪಕಾಲ ಬದಲಾಗದೆ ನಿಲ್ಲಬೇಕು. ತಡವಾಗಿ ಬಂದರೆ ಫ್ಲಿಪ್-ಫ್ಲಾಪ್ ಹಿಂದಿನ ಲೆಕ್ಕದ ಹಳೆಯ ಬೆಲೆಯನ್ನೇ ಹಿಡಿದುಕೊಳ್ಳುತ್ತದೆ. ತಂತಿ ಕಡಿದಿರುವುದಿಲ್ಲ, ಟ್ರಾನ್ಸಿಸ್ಟರ್ ಕೆಟ್ಟಿರುವುದಿಲ್ಲ, ಯಂತ್ರ ನಿಲ್ಲುವುದೂ ಇಲ್ಲ. ತಪ್ಪು ಬಿಟ್ ಸರಿಯಾದ ಬಿಟ್‌ನಂತೆಯೇ ಮುಂದಿನ ಲೆಕ್ಕಕ್ಕೆ ಸೇರುತ್ತದೆ. ಕಾಲದೋಷದ ನಿಜವಾದ ಅಪಾಯವಿರುವುದು ಈ ಮೌನದಲ್ಲಿ.

ತಡವಾಗುವುದಕ್ಕೆ ಕಾರಣಗಳು ಹಲವು. ವೋಲ್ಟೇಜ್ ಕುಸಿದರೆ ಟ್ರಾನ್ಸಿಸ್ಟರುಗಳು ನಿಧಾನಗೊಳ್ಳುತ್ತವೆ. ಉಷ್ಣತೆಯ ಏರುಪೇರು, ತಯಾರಿಕೆಯ ಸೂಕ್ಷ್ಮ ವ್ಯತ್ಯಾಸ, ವರ್ಷಗಳ ಬಳಕೆಯ ಸವೆತ ಇವೂ ಪರಿಣಾಮ ಬೀರುತ್ತವೆ. ವಿನ್ಯಾಸಕಾರರು ಇವೆಲ್ಲವೂ ಏಕಕಾಲಕ್ಕೆ ಪ್ರತಿಕೂಲವಾದ ಸ್ಥಿತಿಯನ್ನು ಊಹಿಸಿ, ಅದಕ್ಕೂ ಸಾಲುವಷ್ಟು ಅಧಿಕ ವೋಲ್ಟೇಜನ್ನು ನಿಗದಿಪಡಿಸುವುದು ರೂಢಿ. ಈ ಭದ್ರತೆ ಪುಕ್ಕಟೆಯಾಗಿ ದೊರೆಯುವುದಿಲ್ಲ. ಬಿಟ್ ಬದಲಾದಾಗಲೆಲ್ಲ ವ್ಯಯವಾಗುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ವೋಲ್ಟೇಜನ್ನು ಶೇಕಡಾ 10ರಷ್ಟು ಹೆಚ್ಚಿಸಿದರೆ ಶಕ್ತಿವ್ಯಯ ಶೇಕಡಾ 21ರಷ್ಟು ಹೆಚ್ಚುತ್ತದೆ.

ಆದರೆ ಅತಿ ದೀರ್ಘ ಲೆಕ್ಕ ಎದುರಾಗುವುದು ಅಪರೂಪ. ಶಾಲೆಯ ದಶಕ ಸಹಿತ ಸಂಕಲನವನ್ನು ನೆನೆಯಬಹುದು. 2341ಕ್ಕೆ 1 ಸೇರಿಸಿದಾಗ ಕೆಲಸ ಬಿಡಿಸ್ಥಾನದಲ್ಲೇ ಮುಗಿಯುತ್ತದೆ; 9999ಕ್ಕೆ 1 ಸೇರಿಸಿದಾಗ ಕೈಯಲ್ಲಿ ಉಳಿದ 1 ಎಲ್ಲ ಸ್ಥಾನಗಳನ್ನೂ ದಾಟಿ ಎಡತುದಿಗೆ ತಲುಪಬೇಕು. ದ್ವಿಮಾನ ಸಂಕಲನ ಮಂಡಲದಲ್ಲಿಯೂ ನಡೆಯುವುದು ಇದೇ. ಎಂದೋ ಬರುವ 9999ಕ್ಕಾಗಿ ಪ್ರತಿಯೊಂದು 2341ಕ್ಕೂ ಅಧಿಕ ಶಕ್ತಿಯನ್ನು ತೆರಬೇಕೆ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಈ ಪ್ರಶ್ನೆಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಾಡ್ ಆಸ್ಟಿನ್, ಡೇವಿಡ್ ಬ್ಲಾವ್, ಟ್ರೆವರ್ ಮಡ್ಜ್ ಮತ್ತು ಸಂಗಡಿಗರು 2003ರಲ್ಲಿ ನೀಡಿದ ಉತ್ತರ 'ರೇಜರ್'. ಒಂದೇ ದತ್ತಾಂಶವನ್ನು ಎರಡು ಬೇರೆ ಬೇರೆ ಕ್ಷಣಗಳಲ್ಲಿ ಓದಿ ಹೋಲಿಸುವ ಕಲ್ಪನೆ ಅದಕ್ಕೂ ಹಿಂದಿನದು. 1999ರಲ್ಲಿ ಮೈಕೆಲ್ ನಿಕೊಲೈಡಿಸ್ ಅದನ್ನು ಕ್ಷಣಿಕ ದೋಷಗಳ ಪತ್ತೆಗೆ ಸೂಚಿಸಿದ್ದರು. ರೇಜರ್ ವಿನ್ಯಾಸದಲ್ಲಿ, ತಡವಾಗುವ ಸಂಭವವಿರುವ ಮಾರ್ಗದ ಕೊನೆಯಲ್ಲಿ ಮುಖ್ಯ ಫ್ಲಿಪ್-ಫ್ಲಾಪಿನ ಜೊತೆಗೆ ಒಂದು ನೆರಳು ಘಟಕವಿರುತ್ತದೆ. ಮುಖ್ಯ ಘಟಕವು ಸ್ಪಂದದ ಕ್ಷಣದಲ್ಲಿಯೂ ನೆರಳು ಘಟಕವು ತುಸು ವಿಳಂಬಗೊಳಿಸಿದ ಸ್ಪಂದದ ಪ್ರಕಾರವೂ ಅದೇ ದತ್ತಾಂಶವನ್ನು ಓದುತ್ತವೆ. ಎರಡೂ ಒಂದೇ ಆಗಿದ್ದರೆ ಕೆಲಸ ಮುಂದುವರಿಯುತ್ತದೆ. ಭಿನ್ನವಾಗಿದ್ದರೆ ದೋಷಸಂಜ್ಞೆ ಎದ್ದು, ನೆರಳು ಘಟಕದ ಬೆಲೆ ಮುಖ್ಯ ಘಟಕಕ್ಕೆ ಮರಳುತ್ತದೆ. ತಪ್ಪು ಬೆಲೆಯಿಂದ ಮುಂದೆ ಸಾಗಿದ ಲೆಕ್ಕವನ್ನು ಮತ್ತೆ ಮಾಡಿಸಲಾಗುತ್ತದೆ. ದೋಷಗಳ ಪ್ರಮಾಣವನ್ನು ನಿಯಂತ್ರಕವು ಗಮನಿಸುತ್ತ ವೋಲ್ಟೇಜನ್ನು ಇಳಿಸುತ್ತದೆ, ದೋಷ ಹೆಚ್ಚಿದರೆ ಏರಿಸುತ್ತದೆ. 0.18 ಮೈಕ್ರೊಮೀಟರ್ ತಂತ್ರಜ್ಞಾನದ ಮಾದರಿಯಲ್ಲಿ ಈ ಹೆಚ್ಚುವರಿ ವ್ಯವಸ್ಥೆಗೆ ತಗಲಿದ ಶಕ್ತಿ ಶೇಕಡಾ 3.1ನ್ನು ಮೀರಲಿಲ್ಲ. ಗುಣಾಕಾರ ಮತ್ತು ಸಂಕಲನ ಮಂಡಲಗಳ ವಿಶ್ಲೇಷಣೆಯಲ್ಲಿ ಗರಿಷ್ಠ ಶೇಕಡಾ 64.2ರಷ್ಟು ಉಳಿತಾಯ ಕಂಡುಬಂದಿತು. ದೋಷ ತಿದ್ದುವುದರಿಂದಾದ ವೇಗನಷ್ಟ ಶೇಕಡಾ 3ಕ್ಕಿಂತ ಕಡಿಮೆ.

ಅಂಕಿಗಳು ಆಕರ್ಷಕವಾಗಿವೆ. ಆದರೆ ಇಡೀ ವಾದ ನಿಂತಿರುವುದು ನೆರಳು ಘಟಕದ ಓದು ಎಂದೂ ತಪ್ಪದು ಎಂಬ ಒಂದೇ ಆಧಾರದ ಮೇಲೆ. ಆದ್ದರಿಂದ, ಅತ್ಯಂತ ಪ್ರತಿಕೂಲ ಸ್ಥಿತಿಯಲ್ಲಿಯೂ ದತ್ತಾಂಶವು ವಿಳಂಬಿತ ಸ್ಪಂದದೊಳಗೆ ತಲುಪುವಂತೆ ವೋಲ್ಟೇಜಿಗೆ ಕೆಳಮಿತಿಯನ್ನು ವಿನ್ಯಾಸದಲ್ಲೇ ಕಟ್ಟಬೇಕಾಗುತ್ತದೆ. ಹಳೆಯ ಭದ್ರತೆಯ ಅಂತರ ಇಲ್ಲವಾಗಲಿಲ್ಲ. ಮುಖ್ಯ ಘಟಕದಿಂದ ನೆರಳಿಗೆ ಸ್ಥಳಾಂತರಗೊಂಡಿತು ಎನ್ನುವುದೇ ಸರಿ.

ಹಾಗಾದರೆ ವಿಳಂಬವನ್ನು ಇನ್ನಷ್ಟು ಹೆಚ್ಚಿಸಬಹುದಲ್ಲವೆ? ಇಲ್ಲಿ ತದ್ವಿರುದ್ಧವಾದ ತೊಡಕು ಎದುರಾಗುತ್ತದೆ. ಸ್ಪಂದ ಏರಿದೊಡನೆ ಮುಂದಿನ ಲೆಕ್ಕವೂ ಹೊರಡುತ್ತದೆ. ಅದರ ಮಾರ್ಗ ಚಿಕ್ಕದಾಗಿದ್ದರೆ ಉತ್ತರ ಬೇಗ ಬಂದು, ನೆರಳು ಘಟಕ ಓದುವ ಮೊದಲೇ ಹಿಂದಿನದನ್ನು ಅಳಿಸಿಹಾಕುತ್ತದೆ. ಆಗ ಸರಿಯಾದ ಬೆಲೆಯನ್ನೇ ದೋಷವೆಂದು ಭಾವಿಸಿ ತಪ್ಪು ಬೆಲೆಯಿಂದ 'ತಿದ್ದಿದಂತೆ' ಆಗುತ್ತದೆ. ಇದನ್ನು ತಡೆಯಲು ಚಿಕ್ಕ ಮಾರ್ಗಗಳಲ್ಲಿ ಬೇಕೆಂದೇ ವಿಳಂಬಕಾರಕ ದ್ವಾರಗಳನ್ನು ಸೇರಿಸುತ್ತಾರೆ. ನಿಧಾನಿಯನ್ನು ಕಾಯಲು ಚುರುಕಾದವನ ಕಾಲಿಗೂ ಭಾರ ಕಟ್ಟಿದಂತೆ.

ಇನ್ನೊಂದು ತೊಡಕು ಮೂಲಭೂತವಾದುದು. ದತ್ತಾಂಶ ಬದಲಾಗುವ ಕ್ಷಣವೂ ಸ್ಪಂದ ಏರುವ ಕ್ಷಣವೂ ಹೆಚ್ಚುಕಡಿಮೆ ಒಂದಾದರೆ, ಫ್ಲಿಪ್-ಫ್ಲಾಪ್ 0 ಅಥವಾ 1ರತ್ತ ವಾಲದೆ ನಡುವಿನ ವೋಲ್ಟೇಜಿನಲ್ಲಿ ತೂಗಾಡಬಹುದು. ದಿಬ್ಬದ ನೆತ್ತಿಯ ಮೇಲೆ ನಿಂತ ಗೋಲಿ ಯಾವ ಕಡೆಗೆ, ಯಾವಾಗ ಉರುಳೀತೆಂದು ಹೇಳಲಾಗದು, ಇದೂ ಹಾಗೆಯೇ. ಮೆಟಾಸ್ಟೇಬಿಲಿಟಿ ಎನ್ನಲಾಗುವ ಈ ವಿದ್ಯಮಾನವನ್ನು ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನಾರ್ 1973ರ ಪ್ರಬಂಧದಲ್ಲಿ ಪ್ರಯೋಗಸಮೇತ ತೋರಿಸಿದ್ದರು. ಹೊತ್ತು ಕಳೆದಂತೆ ಅದು ಉಳಿದಿರುವ ಸಂಭವ ಘಾತೀಯವಾಗಿ ಕುಗ್ಗುತ್ತದೆಯೇ ಹೊರತು ಸೊನ್ನೆಯಾಗದು. ದತ್ತಾಂಶ ತಡವಾಗಿ ಬರಲೆಂದು ಅವಕಾಶ ಕೊಡುವ ರೇಜರ್, ಈ ಸ್ಥಿತಿಯನ್ನು ತಾನೇ ಆಹ್ವಾನಿಸುತ್ತದೆ. ಅದನ್ನು ಗುರುತಿಸಲು ಪ್ರತ್ಯೇಕ ಪತ್ತೆಕಾರಕವನ್ನು ಅಳವಡಿಸಿದರು. ಅದೂ ಸಂದಿಗ್ಧಕ್ಕೆ ಸಿಲುಕದಿರಲೆಂದು ದೋಷಸಂಜ್ಞೆಯನ್ನು ಮತ್ತಷ್ಟು ಹಂತಗಳ ಮೂಲಕ ಹಾಯಿಸಬೇಕಾಯಿತು.

2008ರಲ್ಲಿ ಇಂಟೆಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಮಂಡಲಗಳು ಈ ಗಂಟನ್ನು ಜಾಣತನದಿಂದ ಸಡಿಲಿಸಿದವು. ದತ್ತಾಂಶದ ಹಾದಿಯಲ್ಲಿ ಫ್ಲಿಪ್-ಫ್ಲಾಪಿನ ಬದಲು, ಸ್ಪಂದ ಮೇಲಿರುವಷ್ಟು ಕಾಲ ತೆರೆದೇ ಇರುವ ಲ್ಯಾಚ್ ಅನ್ನು ಇಟ್ಟರು. ತಡವಾದ ದತ್ತಾಂಶ ಅದರ ಮೂಲಕ ಕೆಡದೆ ದಾಟುತ್ತದೆ; ತೆರೆದಿರುವ ಅವಧಿಯಲ್ಲಿ ಬದಲಾವಣೆ ಕಂಡರೆ ದೋಷಸಂಜ್ಞೆ ಏಳುತ್ತದೆ. ಸಂದಿಗ್ಧ ಉಳಿಯುವುದು ಸಂಜ್ಞೆಯ ಹಾದಿಯಲ್ಲಿ ಮಾತ್ರ. ಅಲ್ಲಿ ಅದು ತೀರ್ಮಾನವಾಗುವವರೆಗೆ ಕಾಯಲು ಸಮಯವಿರುತ್ತದೆ.

ಈ ಪತ್ತೆಕಾರಕಗಳು ನೋಡಬಲ್ಲುದು ತಮಗೆ ನಿಗದಿಯಾದ ಕಿಂಡಿಯ ಅವಧಿಯನ್ನಷ್ಟೇ. 2021ರಲ್ಲಿ ಗೂಗಲ್ ಸಂಶೋಧಕರು ತಮ್ಮ ದತ್ತಕೇಂದ್ರಗಳಲ್ಲಿ ಹಲವು ಸಾವಿರ ಯಂತ್ರಗಳಿಗೆ ಕೆಲವು ಸಂಸ್ಕಾರಕ ತಿರುಳುಗಳು ಯಾವ ಎಚ್ಚರಿಕೆಯನ್ನೂ ನೀಡದೆ ತಪ್ಪು ಲೆಕ್ಕ ಮಾಡುತ್ತಿರುವುದನ್ನು ವರದಿ ಮಾಡಿದರು. ಅವೆಲ್ಲವೂ ಕಾಲದೋಷಗಳೆಂದು ಹೇಳುವಂತಿಲ್ಲ. ಅಂಥ ಕೆಲವು ದೋಷಗಳು ನಿರ್ದಿಷ್ಟ ಆವೃತ್ತಿ, ವೋಲ್ಟೇಜ್ ಮತ್ತು ಉಷ್ಣತೆಗಳಲ್ಲಿ ಮಾತ್ರ ತಲೆದೋರುತ್ತವೆ. ಕೆಲವು, ಯಂತ್ರ ಬಹುಕಾಲ ಸರಿಯಾಗಿ ದುಡಿದ ಮೇಲಷ್ಟೇ ಕಾಣಿಸಿಕೊಳ್ಳುತ್ತವೆ.