ಕುದುರೆಯ ಕಾಲಿಗೆ ಹೊಣೆ ಯಾರು?

ಗೋಲಗುಂಬಜದ ಎದುರು ಪ್ರವಾಸಿಗರ ದಾರಿ ಕಾಯುತ್ತ ನಿಂತ ಟಾಂಗಾ ಕುದುರೆಯನ್ನು ಕೊಂಚ ಗಮನಿಸಿ ನೋಡಬೇಕು. ಅದು ಒಂದು ಕಾಲನ್ನು ಸಡಿಲ ಬಿಟ್ಟು ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿರುತ್ತದೆ. ಅದು ಹಿಂಗಾಲಾದರೆ ವಿಶ್ರಾಂತಿ, ಮುಂಗಾಲಾದರೆ ನೋವು. ಕುದುರೆ ಸಾಕಿದವರಿಗೆ ಇದು ಗೊತ್ತು. ಟಾಂಗಾ ಹತ್ತುವವರಿಗೆ ಗೊತ್ತಿಲ್ಲ. ಇನ್ನು ಗಾಡಿ ಶರ್ಯತ್ತು ನೋಡಲು ರಸ್ತೆಯ ಎರಡೂ ಬದಿಗೆ ನೆರೆಯುವ ಜನರಿಗೆ ಅದನ್ನು ನೋಡಲು ಪುರಸೊತ್ತಾದರೂ ಎಲ್ಲಿ?

ವಿಜಯಪುರಕ್ಕೂ ಕುದುರೆಗೂ ನಂಟು ಹಳೆಯದು. ಆದಿಲಶಾಹಿಗಳ ಕಾಲದಲ್ಲಿ ಅರಬ್ಬೀ ಕುದುರೆಗಳು ಹಡಗಿನಲ್ಲಿ ಗೋವೆಗೆ ಬಂದು, ಘಟ್ಟ ಹತ್ತಿ ಇತ್ತ ಬರುತ್ತಿದ್ದವು. 1510ರಲ್ಲಿ ಗೋವೆ ಪೋರ್ಚುಗೀಸರ ಪಾಲಾದಾಗ ವಿಜಾಪುರದವರಿಗೆ ಊರಿನಷ್ಟೇ ಕುದುರೆ ವ್ಯಾಪಾರವೂ ಕೈಬಿಟ್ಟಿತು. ಕುದುರೆಗಾಗಿ ರಾಜ್ಯಗಳು ಪೈಪೋಟಿ ನಡೆಸಿದ ನೆಲವಿದು. ಕುದುರೆಯ ಗೊರಸಿಗೆ ನಾಲ ಬಡಿಯುವ ಕಸುಬೇ ಇಲ್ಲಿ ನಾಲಬಂದ ಎಂಬ ಮನೆತನದ ಹೆಸರಾಗಿ ಉಳಿದಿದೆ. ಸೈನ್ಯ ಹೋಯಿತು, ಟಾಂಗಾ ಬಂತು. ಆಟೋರಿಕ್ಷಾ ಬಂದ ಮೇಲೆ ಟಾಂಗಾವೂ ಗುಂಬಜ, ಇಬ್ರಾಹಿಂ ರೋಜಾಗಳ ಸುತ್ತಿಗೆ ಸೀಮಿತವಾಯಿತು. ಕುದುರೆ ಸಾಕುವ ಹುಚ್ಚು ಮಾತ್ರ ಹೋಗಿಲ್ಲ. ಅದು ಈಗ ಜಾತ್ರೆ, ಉರುಸುಗಳ ಶರ್ಯತ್ತಿನಲ್ಲಿ ತೀರುತ್ತದೆ.

ಶರ್ಯತ್ತು ನಡೆಯುವುದು ಹೆಚ್ಚಾಗಿ ರಸ್ತೆಯಲ್ಲೇ. ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿ ದಾರಿ ಹಿಡಿದರೆ ತಿಕೋಟಾ. ಜಮಖಂಡಿಯ ಕಡೆ ತಿರುಗಿದರೆ ಬಬಲೇಶ್ವರ. ಎರಡೂ ಕಡೆ ಈಗ ನುಣುಪಾದ ಡಾಂಬರು ರಸ್ತೆಗಳು. ಗಾಡಿ ಓಡಿಸುವವರಿಗೆ ಇಂಥ ರಸ್ತೆ ಇಷ್ಟ. ಚಕ್ರ ಸಲೀಸಾಗಿ ಉರುಳುತ್ತದೆ, ವೇಗ ಕಣ್ಣಿಗೆ ಕಟ್ಟುತ್ತದೆ, ಬೆನ್ನಟ್ಟುವ ಮೋಟಾರ್‌ಸೈಕಲ್ಲುಗಳಿಗೂ ಅನುಕೂಲ. ಅಂದರೆ ರಸ್ತೆ ಒಳ್ಳೆಯದಿರುವುದು ಚಕ್ರಕ್ಕೆ, ಕಾಲಿಗಲ್ಲ.

ಕುದುರೆಯ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬಹುದು. ಅಲ್ಲಿರುವುದು ಎಲುಬು, ನರದಂಥ ಕಟ್ಟುಗಳು ಮತ್ತು ಚರ್ಮ. ನಾಗಾಲೋಟದಲ್ಲಿ ಒಂದೊಂದು ಕಾಲಿನ ಮೇಲೂ ಕ್ಷಣಮಾತ್ರ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. 400 ಕಿಲೋ ತೂಗುವ ಪ್ರಾಣಿಯಾದರೆ 1,000 ಕಿಲೋ! ಆ ಪೆಟ್ಟಿನಲ್ಲಿ ಒಂದಿಷ್ಟನ್ನು ನೆಲ ನುಂಗಬೇಕು. ಡಾಂಬರು ನುಂಗುವುದಿಲ್ಲ, ಹಾಗೇ ತಿರುಗಿ ಗೊರಸಿಗೇ ಒಪ್ಪಿಸುತ್ತದೆ. ಮೇಲಾಗಿ ಕಬ್ಬಿಣದ ನಾಲ ಡಾಂಬರಿನ ಮೇಲೆ ಜಾರುತ್ತದೆ. ಮುರಿದ ಕಾಲು ಕೂಡುವುದು ಕಷ್ಟ, ಯಾಕೆಂದರೆ ಕುದುರೆಯನ್ನು ವಾರಗಟ್ಟಲೆ ಮಲಗಿಸಿ ಇಡಲಾಗದು, ಮೂರೇ ಕಾಲಿನ ಮೇಲೆ ನಿಲ್ಲಿಸಿದರೆ ಉಳಿದ ಕಾಲುಗಳೂ ಕೆಡುತ್ತವೆ.

ಹಾಗಾದರೆ ಹೊಲದಲ್ಲಿ ಓಡಿಸಬಹುದಲ್ಲ ಎಂದರೆ ಅದೂ ಅಷ್ಟು ಸರಳವಲ್ಲ. ಡೋಣಿ ಸೀಮೆಯ ಎರೆ ಭೂಮಿ ಜೋಳಕ್ಕೆ ಬಂಗಾರ. ಆದರೆ ಹಸಿಯಾದರೆ ಗೊರಸನ್ನು ಹಿಡಿದೆಳೆಯುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರಿಯುತ್ತದೆ. ಗರಸು ನೆಲದಲ್ಲಿ ಹರಳು ಚುಚ್ಚುತ್ತದೆ. ಇದ್ದುದರಲ್ಲಿ ಮಸಾರಿ ನೆಲ ವಾಸಿ. ಅದನ್ನೂ ಕಲ್ಲು ಆರಿಸಿ, ಹರಗಿ, ನೀರು ಚಿಮುಕಿಸಿ ಹದ ಮಾಡಬೇಕು. ಬಿತ್ತುವ ಮುನ್ನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುವ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಶರ್ಯತ್ತಿನ ದಿನ ಮಣ್ಣು ಹಿಡಿದು ನೋಡುವ ಕೆಲಸ ಇಂಥವರದು ಎಂದು ಗೊತ್ತುಮಾಡಿರುವುದಿಲ್ಲ.

ದೊಡ್ಡ ರೇಸ್ ಕೋರ್ಸುಗಳಲ್ಲಿ ಈ ಕೆಲಸಕ್ಕೆ ಜನರಿದ್ದಾರೆ, ಸಲಕರಣೆಯೂ ಇದೆ. ಪೆನೆಟ್ರೋಮೀಟರ್ ಎಂಬ ಕಡ್ಡಿಯನ್ನು ನೆಲಕ್ಕೆ ಊರಿ, ಮೇಲಿಂದ ತೂಕ ಬೀಳಿಸಿ, ಎಷ್ಟು ಆಳಕ್ಕೆ ಇಳಿಯಿತೆಂದು ಅಳೆಯುತ್ತಾರೆ. ಆ ಅಂಕಿಯನ್ನು ಓಟದ ದಿನ ಪ್ರಕಟಿಸುತ್ತಾರೆ. ಸವೆದ ಹುಲ್ಲನ್ನು ಕಾಪಾಡಲು ಬೇಲಿಯನ್ನೇ ಸರಿಸುತ್ತಾರೆ. ಇಷ್ಟಾದರೂ ಅಲ್ಲಿ ಎಲ್ಲವೂ ಸುಸೂತ್ರವೇನಲ್ಲ. 2019ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಓಟದ ನಡುವೆಯೇ ಕುದುರೆಗಳು ಉರುಳಿದವು. ಅಂದಿನ ಪಂದ್ಯ ನಿಂತಿತು. ಸಿಟ್ಟಿಗೆದ್ದ ಪಂಟರುಗಳು ಕ್ಲಬ್ಬಿನ ಸಾಮಾನು ಒಡೆದರು. ಸಿಟ್ಟು ಕುದುರೆಗಾಗಿಯೋ ಕಟ್ಟಿದ ದುಡ್ಡಿಗಾಗಿಯೋ ಎಂಬುದು ಬೇರೆ ಮಾತು. 2017ರಲ್ಲಿ ಅದೇ ಬೆಂಗಳೂರಿನಲ್ಲಿ ಕ್ವೀನ್ ಲತೀಫಾ ಎಂಬ ಕುದುರೆಯ ಪರೀಕ್ಷೆಯಲ್ಲಿ ನೋವು ಮರಗಟ್ಟಿಸುವ ಪ್ರೊಕೇನ್ ಕಂಡುಬಂದು, ವಿಷಯ ಪೊಲೀಸರವರೆಗೆ ಹೋಯಿತು. ಅಲ್ಲಿ ತಪ್ಪು ನಡೆಯುವುದಿಲ್ಲವೆಂದಲ್ಲ. ನಡೆದಾಗ ಬಡಿಯಲು ಒಂದು ಬಾಗಿಲಿದೆ, ಅಷ್ಟೇ.

ತಿಕೋಟಾ, ಬಬಲೇಶ್ವರದ ರಸ್ತೆಯಲ್ಲಿ ಕುದುರೆ ಬಿದ್ದರೆ ಯಾವ ಬಾಗಿಲು ಬಡಿಯಬೇಕು?

ಕಾನೂನು ಇಲ್ಲದಿಲ್ಲ. 2001ರ ಪ್ರದರ್ಶನ ಪ್ರಾಣಿಗಳ ನಿಯಮಗಳಲ್ಲಿ ಕುದುರೆ ಪಂದ್ಯವೂ ಸೇರಿದೆ. ನಾಲವಿಲ್ಲದ ಕುದುರೆಯನ್ನು ಗಟ್ಟಿ ನೆಲದ ಮೇಲೆ ನಡೆಸಲೂ ಬಾರದೆಂದು ಅದು ಹೇಳುತ್ತದೆ. ಎಳೆಯುವ ಪ್ರಾಣಿಗಳ ಕುರಿತ 1965ರ ನಿಯಮವಂತೂ, ಉಷ್ಣಾಂಶ 37 ಡಿಗ್ರಿ ದಾಟುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟಬಾರದು ಎನ್ನುತ್ತದೆ. ಏಪ್ರಿಲ್ ತಿಂಗಳ ವಿಜಯಪುರವನ್ನು ಕಂಡವರು ಇದನ್ನು ಓದಿ ನಗಬಹುದು. ಇನ್ನು ದಂಡ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10 ರೂಪಾಯಿಯಿಂದ 50 ರೂಪಾಯಿ. ಒಂದು ನಾಲದ ಜೋಡಿಗೂ ಸಾಲದ ಹಣ!

ವಿಚಿತ್ರವೆಂದರೆ, ಎತ್ತಿಗೆ ಒದಗಿದ ಲಕ್ಷ್ಯ ಕುದುರೆಗೆ ಒದಗಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಗಾಡಿ ಓಟಗಳನ್ನು ನಿಲ್ಲಿಸಿದಾಗ ರಾಜ್ಯದಲ್ಲಿ ಎದ್ದ ಕೂಗಿಗೆ 2017ರ ತಿದ್ದುಪಡಿ ಬಂತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿಯಲ್ಲಿ ಕಂಬಳದ ಕೋಣವಿದೆ, ಗಾಡಿಯ ಎತ್ತಿದೆ. ಟಾಂಗಾ ಕುದುರೆ ಇಲ್ಲ. ಹೀಗಾಗಿ ಎತ್ತಿನ ಓಟಕ್ಕೆ ಷರತ್ತಿನ ಚೌಕಟ್ಟಾದರೂ ಸಿಕ್ಕಿತು. ಕುದುರೆ ಶರ್ಯತ್ತು ಊರ ಹಬ್ಬದ ಗದ್ದಲದೊಳಗೆ ಕಂಡೂ ಕಾಣದಂತೆ ಉಳಿಯಿತು.

ಟಾಂಗಾದವರನ್ನೇ ಕಟುಕರೆಂದು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ತಾನು ಅರೆಹೊಟ್ಟೆ ಉಂಡು ಕುದುರೆಗೆ ಹುರುಳಿ ಬೇಯಿಸಿ ಹಾಕುವವರು ಅವರಲ್ಲಿದ್ದಾರೆ. ಕುದುರೆ ಕುಂಟಾದರೆ ಹೋಗುವುದು ಅವರದೇ ಅನ್ನ. ಗೆದ್ದರೆ ಒಂದೇ ದಿನಕ್ಕೆ ಬರುವ ಬಹುಮಾನ ತಿಂಗಳುಗಟ್ಟಲೆ ಪ್ರವಾಸಿಗರನ್ನು ಸುತ್ತಿಸಿದರೂ ಬಾರದು. ಆ ಆಸೆಯನ್ನು ಒಡ್ಡುವವರು ಬೇರೆ. ಶರ್ಯತ್ತಿನ ಕರಪತ್ರ ತೆಗೆದು ನೋಡಿದರೆ ಮೊದಲನೇ ಬಹುಮಾನ ಇಂಥವರಿಂದ, ಎರಡನೆಯದು ಇಂಥವರಿಂದ ಎಂದು ಹೆಸರು, ಫೋಟೊ ಎಲ್ಲ ಇರುತ್ತವೆ. ಪಶುವೈದ್ಯರು ಯಾರು, ದಾರಿ ನೋಡಿ ಒಪ್ಪಿದವರು ಯಾರು ಎಂಬ ಸಾಲು ಇರುವುದಿಲ್ಲ. ಆ ಒಂದು ಸಾಲು ಅಚ್ಚಾದರೆ ಸಾಕು, ಅಲ್ಲಿ ಹೆಸರು ಬರೆಸಿಕೊಂಡವರು ಓಟದ ಹಿಂದಿನ ದಿನವೇ ರಸ್ತೆಗೆ ಇಳಿದಾರು, ಕುದುರೆಯ ಕಾಲು ಮುಟ್ಟಿ ನೋಡಿಯಾರು.

ಸದ್ಯಕ್ಕೆ ಕಾಲು ಮುಟ್ಟಿ ನೋಡುವವರು ನಾಲ ಬಡಿಯುವವರೊಬ್ಬರೇ. ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಮೊಳೆ ಕೀಳುವಾಗ ಬಿಸಿಯಿದೆಯೋ, ಬಿರುಕಿದೆಯೋ ಅವರಿಗೆ ಕೈಯಲ್ಲೇ ತಿಳಿಯುತ್ತದೆ. ಆದರೆ ಕುದುರೆ ಅವರ ಬಳಿ ಬರುವುದು ಶರ್ಯತ್ತು ಮುಗಿದ ಮೇಲೆ.